ಚುಕ್ಕಿ ಎಂದರೆ ಸೊನ್ನೆಯಲ್ಲ

ಇಪ್ಪತ್ತೊಂಬತ್ತು ವರ್ಷ ಒಂದೇ ಶಾಲೆಯಲ್ಲಿ ಗಣಿತ ಕಲಿಸಿದವರಿಗೆ ಮಕ್ಕಳು ಅಡ್ಡಹೆಸರು ಇಡದೆ ಬಿಟ್ಟಾರೆಯೇ? ಚುಕ್ಕಿ ಮೇಡಂ ಅಂತ ಇಟ್ಟಿದ್ದರು. ಮುಖದ ಮೇಲೆ ಮಚ್ಚೆ ಇತ್ತೆಂದಲ್ಲ, ಚುಕ್ಕಿ ಚುಕ್ಕಿಯ ಬಟ್ಟೆ ತೊಡುತ್ತಿದ್ದರೆಂದೂ ಅಲ್ಲ. ಆ ಹೆಸರು ಹುಟ್ಟಿದ್ದು ಅವರ ಅಂಕಗಳ ಪುಸ್ತಕದಲ್ಲಿ. ಗಟ್ಟಿ ರಟ್ಟಿನ, ಮೊಣಕೈಯುದ್ದದ ರಿಜಿಸ್ಟರ್ ಅದು. ಎಡಗಡೆ ಮಕ್ಕಳ ಹೆಸರು, ಬಲಗಡೆ ಗೆರೆ ಹಾಕಿದ ಮನೆಗಳು. ಪರೀಕ್ಷೆ ಬರೆದ ಮಗುವಿನ ಮನೆಯಲ್ಲಿ ಕೆಂಪು ಶಾಯಿಯ ಅಂಕ. ಬೇಕೆಂದೇ ಚಕ್ಕರ್ ಹೊಡೆದ ಮಗುವಿಗೆ ದುಂಡಗೆ ಒಂದು ಸೊನ್ನೆ. ಜ್ವರ ಬಂದೋ, ಮನೆಯಲ್ಲಿ ತೊಂದರೆಯಾಗಿಯೋ ಪರೀಕ್ಷೆ ತಪ್ಪಿದ ಮಗುವಿಗೆ ಮಾತ್ರ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ಚುಕ್ಕಿ ಎಂದರೆ ಬಾಕಿ. ಆ ಮಗು ವಾಪಸ್ ಬಂದ ಮೇಲೆ ಸ್ಟಾಫ್ ರೂಮಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬೇರೆ ಪ್ರಶ್ನೆ ಕೊಟ್ಟು ಬರೆಸಿ, ಆ ಚುಕ್ಕಿಯ ಮೇಲೆಯೇ ಅಂಕ ಬರೆಯುತ್ತಿದ್ದರು. ವರ್ಷದ ಕೊನೆಗೆ ಅವರ ಪುಸ್ತಕದಲ್ಲಿ ಒಂದು ಚುಕ್ಕಿಯೂ ಉಳಿಯುತ್ತಿರಲಿಲ್ಲ.

ಈ ಚುಕ್ಕಿ ಅವರ ಅಪ್ಪನಿಂದ ಬಂದದ್ದು. ಅಪ್ಪ ದರ್ಜಿ. ಗುಂಡಿ ಹೊಲಿಯಬೇಕಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಒಂದೊಂದು ಚುಕ್ಕಿ ಇಟ್ಟು ಅಂಗಿಯನ್ನು ಮಗಳ ಮಡಿಲಿಗೆ ಹಾಕುತ್ತಿದ್ದರು. ಚುಕ್ಕಿ ಕಾಣುತ್ತಿರುವ ತನಕ ಅಂಗಿ ಮುಗಿದಿಲ್ಲ ಅಂತ ತಿಳ್ಕೋ ಅನ್ನುತ್ತಿದ್ದರು. ಒಮ್ಮೆ ಮಗಳು ಆಟದ ಆತುರದಲ್ಲಿ ಒಂದು ಚುಕ್ಕಿ ಬಿಟ್ಟುಬಿಟ್ಟಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಸೂಜಿ ದಾರ ಕೈಗೆ ಕೊಟ್ಟು ಗಿರಾಕಿಯ ಮನೆಗೇ ಕಳಿಸಿದರು. ಎಂಟು ವರ್ಷದ ಹುಡುಗಿ ಪರರ ಮನೆ ಬಾಗಿಲಲ್ಲಿ ನಿಂತು, ಎಲ್ಲರೂ ನೋಡುತ್ತಿರುವಾಗ ಗುಂಡಿ ಹೊಲಿದು ಬಂದಳು. ಆವತ್ತಿನಿಂದ ತಪ್ಪು ಮಾಡುವವರನ್ನು ಕಂಡರೆ ಆಕೆಗೆ ಆಗುವುದಿಲ್ಲ. ತಾನು ತಪ್ಪುವವಳಲ್ಲ ಎಂಬ ಹೆಮ್ಮೆಯೂ ಆವತ್ತೇ ಮೊಳೆತು, ಬೆಳೆದು ಬೆಳೆದು ಆಳೆತ್ತರವಾಗಿತ್ತು.

ಇಂಥವರ ಕೈಗೆ ಈ ವರ್ಷ ಮೇಲಿನವರು ಆನ್‌ಲೈನ್ ಅಂಕಪುಸ್ತಕ ಕೊಟ್ಟರು. ಕೊಡುವ ಮೊದಲು ತರಬೇತಿ ಅಂತ ಒಂದು ಮಾಡಿದರು. ಕಂಪನಿಯ ಕಡೆಯಿಂದ ಒಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಬೆಳಕು ಬಿಡುವ ಕಡ್ಡಿ. ಎರಡು ಗಂಟೆ ಗೋಡೆಯ ಮೇಲೆ ಕೆಂಪು ಬೆಳಕು ಓಡಾಡಿಸಿದ. "ಇದು ಬಂದ ಮೇಲೆ ನಿಮಗೆ ಎಷ್ಟು ಟೈಮ್ ಉಳಿಯುತ್ತೆ ಗೊತ್ತಾ?" ಅಂತ ಕೇಳಿದ. ಉತ್ತರ ಪತ್ರಿಕೆಯಿಂದ ರಿಜಿಸ್ಟರಿಗೆ, ರಿಜಿಸ್ಟರಿನಿಂದ ಪರದೆಗೆ, ಪರದೆಯಿಂದ ಮತ್ತೆ ಪ್ರಿಂಟಿಗೆ ಎಂದು ಒಂದೇ ಅಂಕವನ್ನು ಮೂರು ಸಲ ಹೊರುವ ಕತ್ತೆಗಳ ಮುಂದೆ ನಿಂತು ಕೇಳಿದ. ಉಳಿದ ಟೈಮನ್ನು ಅವನೇ ಜೇಬಿಗೆ ಹಾಕಿಕೊಂಡು ಹೋದನೋ ಏನೋ, ಶಾಲೆಯಲ್ಲಂತೂ ಯಾರಿಗೂ ಸಿಗಲಿಲ್ಲ.

ಚುಕ್ಕಿ ಮೇಡಂ ಕೊನೆಯ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಉತ್ತರ ಪತ್ರಿಕೆಗಳ ಕಟ್ಟು ಇಟ್ಟುಕೊಂಡು ತಿದ್ದುತ್ತಿದ್ದರು. "ಮೇಡಂ, ಸ್ವಲ್ಪ ಈ ಕಡೆ ಗಮನ ಕೊಡಿ" ಅಂತ ಅವನು ಅಂದಾಗ, "ಕಿವಿ ನಿಮ್ಮ ಕಡೆಗೇ ಇದೆ, ಹೇಳಿ" ಅಂದರು. ಕಿವಿ ಎಲ್ಲಿತ್ತೋ ಅವರಿಗೇ ಗೊತ್ತು. "ಗೈರಾದ ಮಕ್ಕಳ ಮನೆಯನ್ನ ಒತ್ತಿ ಹಿಡಿದು, 'ಗೈರು' ಅಂತ ಆರಿಸ್ಕೊಳ್ಳಿ, ಬೇರೆ ಏನೂ ಟೈಪ್ ಮಾಡಬೇಡಿ" ಅಂತ ಅವನು ಹೇಳಿದ ಹೊತ್ತಿಗೆ ಸರಿಯಾಗಿ, ಮೇಡಂ ಒಬ್ಬ ಪುಣ್ಯಾತ್ಮ ಬರೆದ ತ್ರಿಭುಜದ ಮೂರು ಕೋನಗಳು ಸೇರಿ ಇನ್ನೂರ ಹತ್ತು ಡಿಗ್ರಿ ಆಗಿದ್ದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು.

ಆ ಪುಸ್ತಕದ ಸ್ವಭಾವ ಹೀಗೆ. ತರಗತಿಯ ಎಲ್ಲ ಮನೆಗಳೂ ತುಂಬಿದರೆ ತರಗತಿಯ ಹೆಸರು ಹಸಿರು. ಒಂದೇ ಒಂದು ಖಾಲಿ ಇದ್ದರೂ ಕೆಂಪು. ಹೆಡ್ ಮಾಸ್ತರರಿಗೆ ಈ ಬಣ್ಣದ ಹುಚ್ಚು ಹಿಡಿದುಬಿಟ್ಟಿತು. ಗಂಟೆಗೊಮ್ಮೆ ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ಹಾಕಿ, "ಎಂಟನೇ ಬಿ ಇನ್ನೂ ಕೆಂಪಿದೆಯಲ್ಲ, ಯಾರದು?" ಅನ್ನುತ್ತಿದ್ದರು. ಮಕ್ಕಳಿಗೆ ಭಾಗಾಕಾರ ಬಂತೇ ಬಿಟ್ಟಿತೇ ಅದು ಬೇಕಿಲ್ಲ, ಹಸಿರಾದರೆ ಸಾಕು. ಶಾಲೆ ಹೊತ್ತಿ ಉರಿಯುತ್ತಿದ್ದರೂ ಪರದೆ ಹಸಿರಾಗಿದ್ದರೆ ಹಾಯಾಗಿ ನಿದ್ದೆ ಮಾಡುವ ಆಸಾಮಿ. ಹೆಡ್ ಮಾಸ್ತರರಿಗೆ ಮೇಡಂ ಹಸಿರು ಸಾಹೇಬರು ಅಂತ ಹೆಸರಿಟ್ಟರು, ಅದು ಗೋಡೆಗೆ ಅಂಟಿದ ಗೋಂದಿನಂತೆ ಉಳಿಯಿತು.

ಹೆಸರಿಡುವುದರಲ್ಲಿ ಮೇಡಂ ಎತ್ತಿದ ಕೈ. ಕಂಪ್ಯೂಟರ್ ಕಲಿಸುವ, ಇನ್ನೂ ಮೂವತ್ತೆರಡು ದಾಟದ ಮೇಷ್ಟ್ರೊಬ್ಬರಿದ್ದರು. ಹತ್ತೂ ಬೆರಳಲ್ಲಿ ಟಪಟಪ ಬಡಿಯುತ್ತಿದ್ದರೆಂದು ಅವರಿಗೆ ಬೆರಳು ಮೇಷ್ಟ್ರು ಎಂಬ ಹೆಸರು. ಪರದೆ ಕಂಡರೆ ಬೆವರುವ ಹಿರಿಯರೆಲ್ಲ ತಮ್ಮ ಅಂಕಗಳನ್ನು ಇವರ ತಲೆಗೇ ಕಟ್ಟುತ್ತಿದ್ದರು. ಮೊದಲನೇ ಪರೀಕ್ಷೆಯ ಹೊತ್ತಿಗೆ ಮೇಡಂ ಕೂಡ ಕೊಟ್ಟಿದ್ದರು. ಆ ರಾಶಿಯಲ್ಲಿ ಒಬ್ಬ ಹುಡುಗನ ಇಪ್ಪತ್ತೊಂದು ಹೋಗಿ ಹನ್ನೆರಡಾಯಿತು. ಮೇಡಂ ಕಣ್ಣಿಗೆ ಅದು ಬೀಳದಿರುತ್ತದೆಯೇ?

ತಿದ್ದಬೇಕೆಂದರೆ ಪುಸ್ತಕ ಕಾರಣ ಕೇಳುತ್ತದೆ. ಮೂರೇ ಕಾರಣ, ಅದರಲ್ಲೇ ಒಂದನ್ನು ಆರಿಸಬೇಕು: ತಾಂತ್ರಿಕ ದೋಷ, ವಿದ್ಯಾರ್ಥಿಯ ಮನವಿ, ಶಿಕ್ಷಕರ ನಿರ್ಲಕ್ಷ್ಯ. ಬೆರಳು ಮೇಷ್ಟ್ರ ಕೈ ಮೊದಲನೆಯದರ ಕಡೆ ಹೋಯಿತು. ಮೇಡಂ ಅವರ ಬೆನ್ನ ಹಿಂದೆಯೇ ನಿಂತಿದ್ದರು.

"ಯಂತ್ರ ಏನ್ ಮಾಡ್ತು ರೀ ಪಾಪ? ಇಪ್ಪತ್ತೊಂದನ್ನ ಹನ್ನೆರಡು ಮಾಡಿದ್ದು ಯಾರ ಬೆರಳು?"

"ನನ್ನದೇ ಮೇಡಂ. ಆದ್ರೆ..."

"ಆದ್ರೆ ಗೀದ್ರೆ ಇಲ್ಲ. ಮೂರನೇದು ಒತ್ತಿ. ಜೋರಾಗಿ ಓದಿ ಒತ್ತಿ, ಎಲ್ಲರಿಗೂ ಕೇಳ್ಲಿ."

ಮೇಷ್ಟ್ರು "ಶಿಕ್ಷಕರ ನಿರ್ಲಕ್ಷ್ಯ" ಅಂತ ಓದಿ ಒತ್ತಿದರು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಕಿಸಕ್ಕನೆ ನಕ್ಕರು. ಮೇಡಂ, ಮಾಡಿಕೊಟ್ಟ ಕೆಲಸಕ್ಕೆ ಒಂದು ಥ್ಯಾಂಕ್ಸ್ ಹೇಳುವುದಿರಲಿ, ಇನ್ನು ಮುಂದೆ ನನ್ನ ಅಂಕ ನಾನೇ ಹಾಕ್ಕೋತೀನಿ ಅಂತ ಸಾರಿ, ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮರುದಿನಕ್ಕೆ ಆ ವಿಷಯ ಅವರಿಗೆ ಮರೆತೇ ಹೋಗಿತ್ತು.

ಮೂರನೇ ಪರೀಕ್ಷೆಯ ಹೊತ್ತಿಗೆ ಅವರ ನಿವೃತ್ತಿಗೆ ಆರೇ ತಿಂಗಳಿತ್ತು. ಸೇವಾ ಪುಸ್ತಕದಲ್ಲಿ ಒಂದು ಕಪ್ಪುಗುರುತೂ ಇಲ್ಲದವರಿಗೆ ಇಲಾಖೆ 'ಕಳಂಕರಹಿತ ಸೇವೆ' ಎಂಬ ಪತ್ರ ಕೊಡುತ್ತದೆ. ಆ ಪತ್ರವನ್ನು ಮೇಡಂ ಬಾಯಿ ತುಂಬ ಆಡಿಕೊಳ್ಳುತ್ತಿದ್ದರು. ತಪ್ಪು ಮಾಡೋದಕ್ಕೆ ಧೈರ್ಯ ಇಲ್ಲದವರಿಗೆಲ್ಲ ಕೊಡ್ತಾರೆ ಬಿಡಿ ಅನ್ನುತ್ತಿದ್ದರು. ಆದರೂ ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಒಂದು ಭಾನುವಾರ ಹೆಂಡತಿಯ ಅಪ್ಪಣೆಯಂತೆ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದದ್ದು ನಿಜ. ಅಳತೆಪಟ್ಟಿ ಹಿಡಿದು ಜಾಗ ತೋರಿಸಿದ್ದು ಮೇಡಂ. ಮೊಳೆ ಖಾಲಿಯಾಗಿಯೇ ಇತ್ತು.

ಮೂರನೇ ಪರೀಕ್ಷೆಯ ದಿನ ಇಸ್ತ್ರಿ ಅಂಗಡಿಯವರ ಮಗಳು ಬರಲಿಲ್ಲ. ಮುಂದಿನ ಬೆಂಚಿನವಳು, ಮಾತು ಕಡಿಮೆ, ಲೆಕ್ಕ ಮಾಡುವಾಗ ತುಟಿ ಕಚ್ಚಿಕೊಳ್ಳುವ ಹುಡುಗಿ. ಅವಳ ಅಮ್ಮನಿಗೆ ಆಪರೇಷನ್ ಆಗಿತ್ತು, ಕೈಗೂಸು ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುಂದಿನ ವರ್ಷಕ್ಕೆ ಮಕ್ಕಳು ಈಗಲೇ ವಿಭಾಗ ಆರಿಸಿಕೊಳ್ಳಬೇಕು. ವಿಜ್ಞಾನ ಬೇಕೆಂದರೆ ಗಣಿತದ ಮೂರು ಪರೀಕ್ಷೆ ಸೇರಿ ಎಪ್ಪತ್ತೈದಕ್ಕೆ ಐವತ್ತು ಬೇಕು. ಈ ಹುಡುಗಿಗೆ ಮೊದಲೆರಡರಲ್ಲಿ ನಲವತ್ತೊಂದು ಬಂದಿತ್ತು. ಮೂರನೆಯದರಲ್ಲಿ ಒಂಬತ್ತು ಬಂದರೂ ಸಾಕು, ಅವಳಿಗೆ ಅದು ಎಡಗೈ ಕೆಲಸ. ಮೇಡಂ ರಿಜಿಸ್ಟರಿನಲ್ಲಿ ಅವಳ ಮನೆಗೆ ಪೆನ್ಸಿಲಿನ ಚುಕ್ಕಿ ಇಟ್ಟರು.

ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆಯಲ್ಲಿ ಕೂತು, ತೋರುಬೆರಳೊಂದರಲ್ಲೇ ಒಂದೊಂದಾಗಿ ಅಂಕ ಒತ್ತಿದರು. ಆ ಹುಡುಗಿಯ ಮನೆಗೆ ಬಂದಾಗ ಕೀಲಿಮಣೆಯಲ್ಲಿ ಚುಕ್ಕಿ ಹುಡುಕಿ ಅದನ್ನೂ ಒತ್ತಿದರು. ತರಗತಿ ಹಸಿರಾಯಿತು.

"ಪರವಾಗಿಲ್ವೇ, ಇದಕ್ಕೂ ಚುಕ್ಕಿ ಗೊತ್ತಿದೆ" ಅಂದರು. ಆ ಪುಸ್ತಕದ ಬಗ್ಗೆ ಅವರ ಬಾಯಲ್ಲಿ ಬಂದ ಒಳ್ಳೆಯ ಮಾತು ಅದೊಂದೇ, ಅದೂ ತಪ್ಪು ಜಾಗದಲ್ಲಿ. ಅಂಕವಿಲ್ಲದ ಬರೀ ಚುಕ್ಕಿಯನ್ನು ಯಂತ್ರ ಸೊನ್ನೆ ಅಂತ ಓದಿಕೊಂಡಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಎದ್ದರು, ತಿರುಗಿ ನೋಡಲಿಲ್ಲ. ಬುಧವಾರ ಸಂಜೆ ಪುಸ್ತಕಕ್ಕೆ ಬೀಗ ಬಿತ್ತು, ಇನ್ನು ಕಾರಣ ಕೊಡದೆ ಯಾವ ಅಂಕವನ್ನೂ ತಿದ್ದುವಂತಿಲ್ಲ.

ಮುಂದಿನ ವಾರ ಹುಡುಗಿ ವಾಪಸ್ ಬಂದಳು. ಮೇಡಂ ಅವಳನ್ನು ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂರಿಸಿ ಪರೀಕ್ಷೆ ಬರೆಸಿದರು. ಇಪ್ಪತ್ತೈದಕ್ಕೆ ಇಪ್ಪತ್ತಮೂರು. ರಿಜಿಸ್ಟರಿನ ಚುಕ್ಕಿಯ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದರು. ಹುಡುಗಿಗೆ ಹೇಳಲಿಲ್ಲ, ಅಂಕವನ್ನು ಬಾಯಲ್ಲಿ ಹೇಳಿದರೆ ಮಕ್ಕಳ ತಲೆ ತಿರುಗುತ್ತದೆ ಎಂಬುದು ಅವರ ಹಳೇ ನಂಬಿಕೆ. ಪರದೆಯಲ್ಲಿ ಚುಕ್ಕಿ ಕಾಯುತ್ತಾ ಕೂತಿದೆಯಲ್ಲ, ಬಿಡುವಾದಾಗ ಹಾಕಿದರಾಯಿತು ಅಂದುಕೊಂಡರು. ಬಿಡುವಾಗಲು ಎರಡು ವಾರ ಹಿಡಿಯಿತು.

ಕೊನೆಗೊಂದು ಬುಧವಾರ ಊಟದ ಹೊತ್ತಿನಲ್ಲಿ ಪರದೆ ತೆರೆದರು. ಚುಕ್ಕಿ ಇರಲಿಲ್ಲ. ಸೊನ್ನೆ ಇತ್ತು, ಪಕ್ಕದಲ್ಲಿ ಪುಟ್ಟದೊಂದು ಬೀಗದ ಚಿತ್ರ. ಒಟ್ಟು ನಲವತ್ತೊಂದು. ವಿಜ್ಞಾನದ ಪಟ್ಟಿ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಶಾಲೆಯಿಂದ ಹೊರಡುವುದಿತ್ತು. ಹೊರಟ ಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ.

"ಯಾರ್ ರೀ ಇದನ್ನ ಮುಟ್ಟಿದ್ದು?" ಅಂತ ಮೇಡಂ ಕಂಪ್ಯೂಟರ್ ಕೋಣೆಯನ್ನೇ ನಡುಗಿಸಿದರು. ಬೆರಳು ಮೇಷ್ಟ್ರು ಬಂದು ನೋಡಿದರು. ಅದರೊಳಗೆ ಎಲ್ಲಿಯೋ ಒತ್ತಿ, ಯಾರು ಯಾವಾಗ ಏನು ಹಾಕಿದರು ಎಂಬ ಪಟ್ಟಿ ತೆಗೆದರು.

"ನೀವೇ ಹಾಕಿರೋದು ಮೇಡಂ. ಚುಕ್ಕಿ ಒತ್ತಿದೀರಾ. ಚುಕ್ಕಿ ಒತ್ತಿದ್ರೆ ಅದು ಸೊನ್ನೆ ಅಂತ ತಗೊಳ್ಳುತ್ತೆ. ತರಬೇತೀಲಿ ಹೇಳಿದ್ರಲ್ಲ."

"ಚುಕ್ಕಿ ಹೇಗ್ರೀ ಸೊನ್ನೆ ಆಗುತ್ತೆ? ಬುದ್ಧಿ ಇರೋ ಯಾವನಾದ್ರೂ ಚುಕ್ಕೀನ ಸೊನ್ನೆ ಅಂತಾನಾ?"

ಅಷ್ಟರಲ್ಲಿ ಹಸಿರು ಸಾಹೇಬರು ಸುದ್ದಿ ಕೇಳಿ ಓಡಿ ಬಂದರು. ಅವರಿಗೆ ಹುಡುಗಿಯ ಚಿಂತೆಯಲ್ಲ, ಬೀಗ ತೆರೆದರೆ ತರಗತಿ ಮತ್ತೆ ಕೆಂಪಾಗುತ್ತದಲ್ಲ ಎಂಬ ಹೊಟ್ಟೆನೋವು.

"ತಾಂತ್ರಿಕ ದೋಷ ಅಂತ ಹಾಕಿಬಿಡಿ ಮೇಡಂ, ಎಲ್ಲರೂ ಅದನ್ನೇ ಹಾಕೋದು. ನಿಮಗೂ ತೊಂದರೆ ಇಲ್ಲ, ಶಾಲೆಗೂ ಮರ್ಯಾದೆ."

"ಅದು ಹಾಕಿದ್ರೆ ಬೀಗ ಯಾವಾಗ ತೆಗೀತಾರೆ?" ಅಂತ ಮೇಡಂ ಕೇಳಿದ್ದು ಮೇಷ್ಟ್ರನ್ನು.

"ಕಂಪನಿಗೆ ಹೋಗುತ್ತೆ. ಅವರು ನೋಡಿ ತೆಗೆಯೋಕೆ ನಲವತ್ತು ದಿನ."

"ವಿದ್ಯಾರ್ಥಿಯ ಮನವಿ?"

"ಅಪ್ಪ ಅಮ್ಮ ಬಂದು ಸಹಿ ಹಾಕ್ಬೇಕು, ಮೇಲಿನ ಆಫೀಸು ಒಪ್ಪಬೇಕು. ಹದಿನೈದು ದಿನ." ಸ್ವಲ್ಪ ತಡೆದು ಅಂದರು: "ಮೂರನೇದಾದ್ರೆ ತಕ್ಷಣ ತೆಗೆಯುತ್ತೆ. ಆದ್ರೆ ಅದನ್ನ ಒತ್ತಬೇಡಿ ಮೇಡಂ. ಸೀದಾ ಸೇವಾ ಪುಸ್ತಕಕ್ಕೆ ಹೋಗುತ್ತೆ. ಒಂದು ವರ್ಷ ವರ್ಗಾವಣೆ ಇಲ್ಲ, ಪತ್ರಗಿತ್ರ ಏನೂ ಇಲ್ಲ."

"ನಿಮಗೆ ಹೇಗೆ ಗೊತ್ತು?"

ಮೇಷ್ಟ್ರು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದರು. ಹಸಿರು ಸಾಹೇಬರೇ ಬಾಯಿ ಬಿಟ್ಟರು: "ಗೊತ್ತಿಲ್ದೆ ಏನು? ಹೆಂಡತಿ ಮಗು ಆ ಊರಲ್ಲಿ, ಇವರು ಈ ಊರಲ್ಲಿ. ವರ್ಗ ಆಗೇಬಿಟ್ಟಿತ್ತು, ಆ ಇಪ್ಪತ್ತೊಂದು ಹನ್ನೆರಡರ ಗಲಾಟೇಲಿ ನಿಂತೋಯ್ತು."

ಜೋರಾಗಿ ಓದಿ ಒತ್ತಿ ಅಂದದ್ದು, ನಾಲ್ಕು ಜನ ನಕ್ಕದ್ದು, ಎಲ್ಲವೂ ಮೇಡಂಗೆ ಒಟ್ಟಿಗೆ ನೆನಪಿಗೆ ಬಂತು. ಐದು ತಿಂಗಳಿಂದ ಈ ಮನುಷ್ಯ ಇದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ತಪ್ಪನ್ನು ಹಿಡಿದ ಖುಷಿಯಲ್ಲಿ, ಆ ತಪ್ಪು ಮಾಡಿದವನಿಗೆ ಮುಂದೇನಾಯಿತು ಅಂತ ಒಂದು ದಿನವೂ ಕೇಳದ ತಮ್ಮ ಮೇಲೆ ಅವರಿಗೆ ಅಸಹ್ಯ ಹುಟ್ಟಿತು. ತರಬೇತಿಯಲ್ಲಿ ಕಿವಿ ಮುಚ್ಚಿಕೊಂಡು ಕೂತವರು ಯಾರು? ಎರಡು ವಾರ ಬಿಡುವಿಲ್ಲ ಅಂದವರು ಯಾರು? ಯಂತ್ರ ದಡ್ಡ ನಿಜ. ದಡ್ಡ ಅಂತ ಗೊತ್ತಿದ್ದೂ ಅದರ ಕೈಗೆ ಮಗುವನ್ನು ಕೊಟ್ಟು ತಿರುಗಿ ನೋಡದೆ ಬಂದವರನ್ನು ಏನೆನ್ನಬೇಕು?

"ಸ್ವಲ್ಪ ಪಕ್ಕಕ್ಕೆ ಸರೀರಿ ಮೇಷ್ಟ್ರೇ" ಅಂದರು. ಕುರ್ಚಿ ಎಳೆದು ಕೂತರು.

"ಮೇಡಂ, ಆರು ತಿಂಗಳಿದೆ ಅಷ್ಟೇ ನಿಮಗೆ" ಅಂತ ಸಾಹೇಬರು ಕೈ ಕೈ ಹಿಸುಕಿಕೊಂಡರು. "ಒಂದು ಹುಡುಗಿಗೋಸ್ಕರ..."

"ನಿಮಗೆ ಹಸಿರು ತಾನೆ ಬೇಕು? ಐದು ನಿಮಿಷದಲ್ಲಿ ಕೊಡ್ತೀನಿ, ನಿಂತಿರಿ."

ಮೂರನೆಯದನ್ನು ಒತ್ತಿದರು. ಖಚಿತವೇ ಅಂತ ಪುಸ್ತಕ ಕೇಳಿತು, ಖಚಿತ ಅಂತ ಒತ್ತಿದರು. ಬೀಗ ಹೋಯಿತು. ಇಪ್ಪತ್ತಮೂರು ಒತ್ತಿದರು, ಒಟ್ಟು ಅರವತ್ನಾಲ್ಕಾಯಿತು. ಮರುಕ್ಷಣ ಸ್ಟಾಫ್ ರೂಮಿನ ಎಲ್ಲರ ಫೋನುಗಳೂ ಟಿಣ್ ಅಂದವು. ತಿದ್ದುಪಡಿಯಾದರೆ ಶಿಕ್ಷಕರಿಗೂ ಆ ತರಗತಿಯ ಪೋಷಕರಿಗೂ ಸಂದೇಶ ಹೋಗುವುದು ಪುಸ್ತಕದ ಕ್ರಮ. ಮೇಡಂ ತಮ್ಮ ಫೋನು ಹಿಡಿದು ಸ್ಟಾಫ್ ರೂಮಿಗೆ ನಡೆದರು. ಹಿಂದಿನ ಬೆಂಚಿಗೂ ಕೇಳುವ ಪಾಠದ ದನಿಯಲ್ಲಿ ಓದಿದರು: "ಶಿಕ್ಷಕರ ನಿರ್ಲಕ್ಷ್ಯದ ಕಾರಣ ಗಣಿತ ಮೂರನೇ ಪರೀಕ್ಷೆಯ ಅಂಕ ತಿದ್ದಲಾಗಿದೆ." ಯಾರೂ ನಗಲಿಲ್ಲ.

"ಆವತ್ತು ಈ ಮೇಷ್ಟ್ರ ಕೈಲಿ ಇದನ್ನೇ ಓದಿಸಿದ್ದೆ, ನೀವೆಲ್ಲ ನಕ್ಕಿದ್ರಿ. ಈಗ ನಗೋರು ನಗಬಹುದು" ಅಂದರು. ಆಮೇಲೆ ಹಿಂದೆಯೇ ಬಂದಿದ್ದ ಬೆರಳು ಮೇಷ್ಟ್ರ ಕಡೆ ತಿರುಗಿ, "ತಪ್ಪಾಯ್ತು ರೀ" ಅಂದರು. ಆ ಎರಡು ಪದ ಅವರ ಬಾಯಿಂದ ಆ ಕೋಣೆಯಲ್ಲಿ ಬಂದದ್ದು ಅದೇ ಮೊದಲು. ಮೇಷ್ಟ್ರು, "ಟೀ ಕುಡೀತೀರಾ ಮೇಡಂ?" ಅಂತ ಕೇಳಿದರು.

ಸಂಜೆ ಮನೆಯಲ್ಲಿ ಎಲ್ಲ ಹೇಳಿ ಮುಗಿಸಿದಾಗ ಯಜಮಾನರು ಕಣ್ಣಿನ ಭೂತಗನ್ನಡಿ ತೆಗೆದು ಕೇಳಿದರು, "ಹಾಗಾದ್ರೆ ಮೊಳೆ ಕೀಳ್ಲಾ?"

"ಯಾಕೆ ಕೀಳ್ತೀರಿ, ಗೋಡೆ ಹಾಳಾಗುತ್ತೆ. ನಿಮ್ಮ ಅಂಗಡೀಲಿ ಯಾರೂ ತಗೊಂಡು ಹೋಗದ ಗಡಿಯಾರ ಒಂದಿದೆಯಲ್ಲ, ಅದನ್ನ ತೂಗಿಹಾಕಿ."

ಆ ರಾತ್ರಿ ಅವರು ನೆಮ್ಮದಿಯಾಗಿ ಮಲಗಿದರು. ಚುಕ್ಕಿ ಅಳಿಯಿತಲ್ಲ, ಬಾಕಿ ತೀರಿತು ಅಂದುಕೊಂಡರು.

ಬೆಳಿಗ್ಗೆ ಶಾಲೆಯ ಬಾಗಿಲಲ್ಲೇ ಹುಡುಗಿ ಕಾದಿದ್ದಳು. "ಮೇಡಂ, ಅಪ್ಪನ ಫೋನಿಗೆ ಹೊಸ ಅಂಕ ಬಂತು. ಇಪ್ಪತ್ತಮೂರು ನಿಜವಾ?"

"ನಿಜ ಕಣೇ. ಸೊನ್ನೆ ನನ್ನ ತಪ್ಪು. ಹತ್ತು ದಿನದ ಹಿಂದೆ ಎಲ್ಲರ ಅಂಕ ಮನೆಗೆ ಕಳಿಸಿದಾಗ ಆ ಸೊನ್ನೆ ನಿಮ್ಮಪ್ಪನ ಫೋನಿಗೂ ಬಂದಿರ್ಬೇಕಲ್ಲ, ನೀನು ಬಂದು ಕೇಳೋದಲ್ವಾ?"

"ಅಪ್ಪ ಕೇಳ್ತೀನಿ ಅಂತ ಹೊರಟಿದ್ರು ಮೇಡಂ. ನಾನೇ ಬೇಡ ಅಂದೆ. ಚುಕ್ಕಿ ಮೇಡಂ ತಪ್ಪು ಹಾಕಲ್ಲ ಅಂದೆ." ಹಾಗೆ ಅಡ್ಡಹೆಸರು ಬಾಯಿಗೆ ಬಂದದ್ದಕ್ಕೆ ಹುಡುಗಿ ನಾಲಗೆ ಕಚ್ಚಿಕೊಂಡಳು. ಮೇಡಂ ಅದನ್ನು ಗಮನಿಸಲೇ ಇಲ್ಲ.

"ನೀನು ಬರೆದದ್ದು ಸರಿ ಇತ್ತಲ್ಲೇ. ಅದು ನಿನಗೆ ಗೊತ್ತಾಗ್ಲಿಲ್ವಾ?"

"ಸರಿ ಅನ್ನಿಸಿತ್ತು. ಆದ್ರೆ ನೀವು ಸೊನ್ನೆ ಕೊಟ್ಟಿದ್ದೀರಲ್ಲ, ಸರಿ ಯಾವುದು ತಪ್ಪು ಯಾವುದು ಅಂತಾನೇ ನಂಗೆ ಗೊತ್ತಾಗಲ್ಲ ಅಂದ್ಕೊಂಡೆ. ಮೊನ್ನೆ ವಿಭಾಗದ ಚೀಟಿ ಕೊಟ್ರಲ್ಲ, ವಿಜ್ಞಾನ ಬೇಡ ಅಂತ ಬರ್ದುಕೊಟ್ಟೆ."

ಮೇಡಂ ಹುಡುಗಿಯ ಕೈ ಹಿಡಿದು ದಡದಡ ಆಫೀಸಿಗೆ ನಡೆದರು. ಸಾಹೇಬರ ಮೇಜಿನ ಟ್ರೇಯಲ್ಲಿ ಚೀಟಿಗಳ ಕಟ್ಟು ಇನ್ನೂ ಇತ್ತು. ಅವಳ ಚೀಟಿ ಹುಡುಕಿ ತೆಗೆದು, ಹರಿದು, ಹೊಸದೊಂದನ್ನು ಮುಂದಿಟ್ಟು ತಮ್ಮ ಪೆನ್ನನ್ನೇ ಕೊಟ್ಟರು.

"ಹಾಕು, ಹಾಕು. ಇನ್ನೂ ಹೊತ್ತಿದೆ."

ಹುಡುಗಿ ಹೆಸರು ಬರೆದಳು. ವಿಜ್ಞಾನ ಎಂಬುದರ ಎದುರಿನ ಖಾಲಿ ಮನೆಯ ಮೇಲೆ ಪೆನ್ನು ಇಟ್ಟಳು, ಇಟ್ಟು ತುಟಿ ಕಚ್ಚಿಕೊಂಡಳು.

"ನಿಜವಾಗ್ಲೂ ನಂಗೆ ಬರುತ್ತಾ ಮೇಡಂ?"

"ಬರುತ್ತೆ. ನಾನು ಹೇಳ್ತಿದೀನಲ್ಲ."

ಹೇಳಿದ ಮೇಲೆ ಅವರಿಗೇ ಅನ್ನಿಸಿತು: ಸೊನ್ನೆಯನ್ನು ಅವಳು ನಂಬಿದ್ದೂ ನಾನು ಹೇಳಿದೆನೆಂದೇ. ಮತ್ತೊಮ್ಮೆ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಪೆನ್ನಿನ ತುದಿ ಕದಲದೆ ನಿಂತಲ್ಲೇ ನಿಂತು, ಆ ಖಾಲಿ ಮನೆಯ ನಡುವೆ ಶಾಯಿಯ ಒಂದು ಚುಕ್ಕಿ ಮೂಡಿತು. ಮೊದಲ ಪೀರಿಯಡ್ಡಿನ ಬೆಲ್ ಹೊಡೆಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಡವಾಗಿ ತರಗತಿಗೆ ಹೋಗದ ಮೇಡಂ ಅಲ್ಲೇ ಕುರ್ಚಿ ಎಳೆದುಕೊಂಡು, ಹುಡುಗಿಯ ಪಕ್ಕ ಕೂತು ಕಾದರು.